ದ ಎಲ್ಲಿ, ಧ ಎಲ್ಲಿ? ಕನ್ನಡವನ್ನು ತಪ್ಪಿಲ್ಲದೆ ಬರೆಯುವುದು ಹೀಗೆ

ಮಳೆಗಾಲ ಬಂತೆಂದರೆ ನೆರೆ ‘ಸಂತ್ರಸ್ಥರು’, ಹಬ್ಬ ಬಂತೆಂದರೆ ‘ಹಾರ್ಧಿಕ ಶುಭಾಷಯಗಳು’, ಬಾರ್ ಪಕ್ಕದಲ್ಲಿ ‘ಮಧ್ಯದಂಗಡಿ’. ಫ್ಲೆಕ್ಸು, ಬೋರ್ಡು, ವಾಟ್ಸ್ಆ್ಯಪ್ ಎಲ್ಲಿ ನೋಡಿದರೂ ಇವೇ ತಪ್ಪುಗಳು. ಬರೆದವರಿಗೆ ಕನ್ನಡ ಬರುವುದಿಲ್ಲ ಅಂತಲ್ಲ. ಮಾತಾಡುವಾಗ ನಮ್ಮಲ್ಲಿ ಬಹಳ ಜನ ದ, ಧ ಎರಡನ್ನೂ ಹೆಚ್ಚುಕಡಿಮೆ ಒಂದೇ ಥರ ಹೇಳುತ್ತೇವೆ. ಹಾಗಾಗಿ ಬರೆಯಲು ಕೂತಾಗ ಕಿವಿ ಕೈಕೊಡುತ್ತದೆ. ಪಟ್ಟಿ ಮಾಡಿಕೊಂಡು ಉರು ಹೊಡೆಯುವುದೂ ಬೇಡ. ಅನುಮಾನ ಬಂದ ಪದಕ್ಕೆ ನೆಂಟರು, ಅಂದರೆ ಅದೇ ಮೂಲದ ಬೇರೆ ಪದಗಳು, ಯಾರಿದ್ದಾರೆ ಎಂದು ಹುಡುಕಿ. ಮುಕ್ಕಾಲು ಪಾಲು ತಪ್ಪು ಅಲ್ಲೇ ಸರಿಹೋಗುತ್ತದೆ.

ಮೊದಲು: ಪದ ಅಚ್ಚಗನ್ನಡದ್ದೇ?

ಶಾಲೆಯಲ್ಲಿ ಮೇಷ್ಟ್ರು ‘ಹೊಟ್ಟೆ ಸೀಳು’ ಅನ್ನುತ್ತಿದ್ದರಲ್ಲ, ಆ ಮಹಾಪ್ರಾಣಗಳು ಅಚ್ಚಗನ್ನಡ ಪದಗಳಲ್ಲಿ ತೀರಾ ಅಪರೂಪ. ದಾರಿ, ದೊಡ್ಡ, ಬಾಗಿಲು, ಬೆಳಗ್ಗೆ ಯಾವುದಕ್ಕೂ ಹೊಟ್ಟೆ ಸೀಳುವುದು ಬೇಡ. ಇದ್ದ, ಬಿದ್ದ, ಎದ್ದ, ಕದ್ದ, ಗೆದ್ದ ಇವಕ್ಕೂ ಅಷ್ಟೇ. ‘ಗೆದ್ಧರು’ ಎಂದು ಬರೆದರೆ ಗೆದ್ದವರಿಗೆ ಗೌರವವೇನೂ ಜಾಸ್ತಿ ಆಗುವುದಿಲ್ಲ.

ಸಂಸ್ಕೃತದ ಪದವಾದರೆ ನೆಂಟರನ್ನು ಕರೆಯಿರಿ

ಗೊಂದಲ ಜಾಸ್ತಿ ಇರುವುದು ಇಲ್ಲೇ. ಯುದ್ಧವೋ ಯುದ್ದವೋ? ಅದರ ನೆಂಟ ಯೋಧ. ಯೋಧನಲ್ಲಿ ಧ ಇದೆ, ಹಾಗಾಗಿ ಯುದ್ಧದಲ್ಲೂ ಇದೆ. ಬೋಧನೆಯಿಂದ ಬುದ್ಧ, ಬುದ್ಧಿ. ಶೋಧನೆಯಿಂದ ಶುದ್ಧ. ವಿರೋಧದಿಂದ ವಿರುದ್ಧ. ಬಂಧನದಿಂದ ಬದ್ಧ. ಸಾಧನೆ ಮಾಡಿದವನು ಸಿದ್ಧ. ಇಲ್ಲಿ ಒಂದು ಎಚ್ಚರಿಕೆ: ಹೊಟ್ಟೆ ಸೀಳುವುದು ಕೆಳಗಿನ ಒತ್ತಕ್ಷರಕ್ಕೆ ಮಾತ್ರ, ಮೇಲಿನದಕ್ಕಲ್ಲ. ‘ಬುಧ್ದಿ’ ತಪ್ಪು.

ವಿದ್ಯೆಯ ನೆಂಟ ವೇದ. ಅಲ್ಲಿ ಇರುವುದು ಬರೀ ದ. ಹಾಗಾಗಿ ವಿದ್ಯಾರ್ಥಿ, ವಿದ್ಯಾಲಯ. ‘ವಿಧ್ಯಾರ್ಥಿ’ ಎಂಬುವನು ಯಾವ ಶಾಲೆಯಲ್ಲೂ ಇಲ್ಲ. ಮದ ಏರಿಸುವುದು ಮದ್ಯ. ನಡುವೆ ಇರುವುದು ಮಧ್ಯ, ಅದರ ನೆಂಟರು ಮಧ್ಯಮ, ಮಧ್ಯಾಹ್ನ. ಹೃದಯದಿಂದ ಬಂದದ್ದು ಹಾರ್ದಿಕ. ಶುಭವಾಗಲಿ ಎಂಬ ಆಶಯ ಶುಭಾಶಯ.

ಇನ್ನೊಂದು ಗುಂಪು ನನಗೆ ಬಹಳ ಇಷ್ಟ. ಲಾಭದಲ್ಲಿ ಭ ಇದೆ, ಆದ್ದರಿಂದ ಲಬ್ಧ. ಸ್ತಂಭದಿಂದ ಸ್ತಬ್ಧ. ಕ್ಷೋಭೆಯಿಂದ ಪ್ರಕ್ಷುಬ್ಧ. ನೆಂಟನ ಹತ್ತಿರ ಭ ಇದ್ದರೆ ಇಲ್ಲಿ ಬ್ಧ ಬರುತ್ತದೆ. ಶಬ್ದಕ್ಕೆ ಅಂಥ ನೆಂಟ ಯಾರೂ ಇಲ್ಲ. ಅದಕ್ಕೇ ಅದು ಶಬ್ದ, ‘ಶಬ್ಧ’ ಅಲ್ಲ.

ನೆಂಟರು ಸಿಗದಿದ್ದರೆ ಬಿಡಿಸಿ ನೋಡಿ

ಅಧ್ಯಕ್ಷ, ಅಧ್ಯಯನ, ಅಧ್ಯಾಯ ಇವುಗಳ ಶುರುವಿನಲ್ಲಿ ‘ಅಧಿ’ ಇದೆ. ಅದಕ್ಕೇ ಧ್ಯ. ಉದ್ಯೋಗ, ಉದ್ಯಮ, ಉದ್ಯಾನದ ಶುರುವಿನಲ್ಲಿ ‘ಉತ್’ ಇದೆ, ಅದು ಉದ್ ಆಗುತ್ತದೆ. ಅದಕ್ಕೇ ದ್ಯ. ಉತ್ ಮತ್ತು ಚಾರಣ ಸೇರಿದರೆ ಉಚ್ಚಾರಣೆ. ಉಚ್ಚ ನ್ಯಾಯಾಲಯಕ್ಕೂ ಹೊಟ್ಟೆ ಸೀಳಬೇಡಿ. ಸ್ವಚ್ಛ, ಇಚ್ಛೆ, ತುಚ್ಛ ಇವಕ್ಕೆ ಬೇಕು. ಜಾತಿ, ಅತೀತ ಸೇರಿದರೆ ಜಾತ್ಯತೀತ. ಕೋಟಿ, ಅಧೀಶ ಸೇರಿದರೆ ಕೋಟ್ಯಧೀಶ. ಎರಡನೇ ಪದ ‘ಅ’ದಿಂದ ಶುರುವಾಗುವಾಗ ‘ತ್ಯಾ’, ‘ಟ್ಯಾ’ ಎಲ್ಲಿಂದ ಬರಬೇಕು?

‘ಸ್ಥ’ ಎಂದರೆ ಇರುವುದು, ನಿಂತಿರುವುದು. ಸ್ಥಳ, ಸ್ಥಾನ, ಸಂಸ್ಥೆ, ಗೃಹಸ್ಥ, ಮಧ್ಯಸ್ಥ, ಅಸ್ವಸ್ಥ ಎಲ್ಲದರಲ್ಲೂ ಆ ಅರ್ಥ ಇದೆ. ಸಂತ್ರಸ್ತರಲ್ಲಿ ಇರುವುದು ‘ತ್ರಸ್ತ’, ಹೆದರಿದ ಎಂದರ್ಥ. ಅಸ್ತವ್ಯಸ್ತ, ರೋಗಗ್ರಸ್ತ, ಸಮಸ್ತ ಕೂಡ ಇದೇ ಸಾಲು. ರಸ್ತೆ, ಜಾಸ್ತಿ, ಶಿಸ್ತು ಇವಕ್ಕಂತೂ ಸ್ಥ ಸುತರಾಂ ಬೇಡ.

ಶ, ಷ ಸಂಗತಿ

ಇದು ಬೇಗ ಮುಗಿಯುತ್ತದೆ. ಟ, ಠ ಒತ್ತಿನ ಮೇಲೆ ಕೂರುವುದು ಷ: ಕಷ್ಟ, ಇಷ್ಟ, ನಿಷ್ಠೆ. ಚ ಒತ್ತಿನ ಮೇಲೆ ಕೂರುವುದು ಶ: ನಿಶ್ಚಯ, ಪಶ್ಚಿಮ. ಎಲ್ಲಕ್ಕಿಂತ ಹೆಚ್ಚು, ಎಲ್ಲಕ್ಕಿಂತ ಕಡಿಮೆ ಎಂಬ ಅರ್ಥ ಇದ್ದರೆ ಠ ಹಾಕಿ: ಗರಿಷ್ಠ, ಕನಿಷ್ಠ, ಶ್ರೇಷ್ಠ, ಜ್ಯೇಷ್ಠ. ಪರಿಶಿಷ್ಟ, ವಿಶಿಷ್ಟ, ಸ್ಪಷ್ಟಗಳಿಗೆ ಟ ಸಾಕು.

ಒಂದು ದೀರ್ಘ ಬಿಟ್ಟರೆ

ಕಣ್ಣಿಗೆ ಬೀಳದ ತಪ್ಪು ಇದೇ. ‘ಇನ್ನು ಹೊರಡೋಣ’ ಅಂದರೆ ಸಾಕು, ಎದ್ದೇಳಿ ಎಂದರ್ಥ. ‘ಇನ್ನೂ ಹೊರಟಿಲ್ಲ’ ಅಂದರೆ ಈಗಲೂ ಮನೆಯಲ್ಲೇ ಇದ್ದಾರೆ. ‘ಯಾರು ಬಂದರು?’ ಪ್ರಶ್ನೆ, ‘ಯಾರೂ ಬರಲಿಲ್ಲ’ ಉತ್ತರ. ‘ಸಹ’ ಎಂಬ ಪದ ಇಟ್ಟು ನೋಡಿ. ‘ನಾನು ಸಹ ಬರುತ್ತೇನೆ’ ಎಂದು ಹೇಳಬೇಕಿದ್ದರೆ ಅದು ‘ನಾನೂ ಬರುತ್ತೇನೆ’. ಯಾರು, ಏನು, ಎಲ್ಲಿ, ಎಂದು ಇವುಗಳ ಜೊತೆ ‘ಇಲ್ಲ’ ಬಂದರೆ ದೀರ್ಘ ಹಾಕಿ: ಏನೂ ಇಲ್ಲ, ಎಲ್ಲೂ ಇಲ್ಲ, ಎಂದೂ ಇಲ್ಲ.

ಲ, ಳ ವಿಷಯದಲ್ಲಿ ಬಾಯಿಯನ್ನೇ ನಂಬಿ

ಇಲ್ಲಿ ನೆಂಟರು ಅಷ್ಟಾಗಿ ಸಹಾಯ ಮಾಡುವುದಿಲ್ಲ. ಜೋರಾಗಿ ಹೇಳಿ ನೋಡಿ. ಬೆಳೆ ಹೊಲದಲ್ಲಿ, ಬೆಲೆ ಮಂಡಿಯಲ್ಲಿ. ಹಲ್ಲಿ ಗೋಡೆ ಮೇಲೆ, ಹಳ್ಳಿ ರಸ್ತೆ ಕೊನೆಗೆ. ಬಹುವಚನದ ‘ಗಳು’ ಯಾವಾಗಲೂ ಳ. ‘ಹೇಳಲು ಬಂದಳು’ ಎಂಬಲ್ಲಿ ಎರಡೂ ಇವೆ. ಅದಲುಬದಲು ಮಾಡಿ ‘ಹೇಳಳು’ ಎಂದು ಬರೆದರೆ ಅವಳು ಹೇಳುವುದಿಲ್ಲ ಎಂದಾಗುತ್ತದೆ!

ಎಷ್ಟೋ ಸಲ ತಪ್ಪು ತಲೆಯದ್ದಲ್ಲ, ಬೆರಳಿನದ್ದು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ನುಡಿ ಕೀಲಿಮಣೆಯಲ್ಲಿ ದ–ಧ, ನ–ಣ, ಲ–ಳ ಜೋಡಿಗಳ ನಡುವೆ ಇರುವುದು ಒಂದು ಶಿಫ್ಟ್ ಕೀ ಮಾತ್ರ. ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಬರೆಯುವವರಿಗೆ ಮೇಲೆ ಎರಡು ಮೂರು ಪದ ತೋರಿಸುತ್ತದೆ. ಮೊದಲನೆಯದನ್ನೇ ಸುಮ್ನೆ ಮುಟ್ಟಬೇಡಿ. ಅನುಮಾನ ಉಳಿದರೆ ‘ಅಲರ್’ ಆನ್‌ಲೈನ್ ನಿಘಂಟಿನಲ್ಲಿ ಹುಡುಕಿ, ಉಚಿತ. ಫ್ಲೆಕ್ಸ್ ಮಾಡಿಸುತ್ತಿದ್ದರೆ ಮುದ್ರಣಕ್ಕೆ ಕೊಡುವ ಮೊದಲು ಅಂಗಡಿಯವರಿಂದ ಫೋಟೊ ತರಿಸಿಕೊಂಡು ಓದಿ. ನೀವು ಸರಿಯಾಗಿ ಬರೆದುಕೊಟ್ಟರೂ ಅಲ್ಲಿ ಇನ್ನೊಬ್ಬರು ಅದನ್ನು ಹೊಸದಾಗಿ ಟೈಪ್ ಮಾಡಿರುತ್ತಾರೆ.