ಸ್ಟೀವನ್‌ಸನ್ ನಡೆದ ದಾರಿಯಲ್ಲಿ ಕ್ಯಾಮೆರಾ ಜೊತೆ

1878ರ ಸೆಪ್ಟೆಂಬರ್ 22ರಂದು ರಾಬರ್ಟ್ ಲೂಯಿಸ್ ಸ್ಟೀವನ್‌ಸನ್ ಫ್ರಾನ್ಸಿನ ಲ ಮೊನಾಸ್ಟಿಯೆ ಊರಿನಿಂದ ಮೊಡೆಸ್ಟೀನ್ ಎಂಬ ಕತ್ತೆಯ ಜೊತೆ ಹೊರಟ. ಸೆವೆನ್ (Cévennes) ಎಂಬ ಬೆಟ್ಟಸಾಲನ್ನು ದಾಟಿ 12 ದಿನಕ್ಕೆ ಸಾಂ-ಜಾಂ-ದ್ಯು-ಗಾರ್ ಸೇರಿದ. ಆಗ ಅವನಿಗೆ 27 ವರ್ಷ. ಕಾದಂಬರಿಕಾರ ಎಂದು ಜಗತ್ತು ಗುರುತಿಸಿದ್ದು ಆಮೇಲೆ. ಈ ನಡಿಗೆಯ ಬಗ್ಗೆ ಅವನು ಬರೆದ ಪುಸ್ತಕವೇ 'ಟ್ರಾವೆಲ್ಸ್ ವಿತ್ ಎ ಡಾಂಕಿ ಇನ್ ದ ಸೆವೆನ್'.

ಆ ಪ್ರಯಾಣದ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಹೊರಟಾಗ ಒಂದನ್ನು ಗಟ್ಟಿಯಾಗಿ ನಿರ್ಧರಿಸಿದ್ದೆ. ಅದೇ ತಿಂಗಳಲ್ಲಿ, ಅದೇ ಕ್ರಮದಲ್ಲಿ, ನಡೆದುಕೊಂಡೇ ಶೂಟಿಂಗ್ ಮಾಡಬೇಕು. ಕಾರಿನಲ್ಲಿ ಹೋದರೆ ಊರುಗಳು ಸಿಗುತ್ತವೆ, ನಡುವಿನ ದಾರಿ ಸಿಗುವುದಿಲ್ಲ. ಅವನ ಬರಹದ ಜೀವ ಇರುವುದು ಆ ನಡುವೆಯೇ ಅಲ್ವಾ? ಮಳೆ, ತಪ್ಪಿದ ದಾರಿ, ಹೆಜ್ಜೆ ಎತ್ತದ ಕತ್ತೆ, ಬಯಲಲ್ಲಿ ಮಲಗಿದ ರಾತ್ರಿ.

ಈಗ ಅದು ಜಿಆರ್ 70 ಎಂಬ ಗುರುತು ಹಾಕಿದ ಕಾಲುದಾರಿ. ಕತ್ತೆಗಳು ಬಾಡಿಗೆಗೆ ಸಿಗುತ್ತವೆ. ನಾವೂ ಒಂದನ್ನು ತೆಗೆದುಕೊಂಡೆವು, ಸುಮ್ನೆ ಚಂದಕ್ಕಲ್ಲ. ಕತ್ತೆ ನಿಂತರೆ ನೀವೂ ನಿಲ್ಲಬೇಕು. ಹಾಗೆ ನಿಂತಾಗ ತೆಗೆದ ಶಾಟ್‌ಗಳೇ ಚಿತ್ರದಲ್ಲಿ ಜಾಸ್ತಿ ಉಳಿದಿವೆ.

ಬೆಳಕಿನ ವಿಷಯ ಮೊದಲೇ ಯೋಚಿಸಿಕೊಳ್ಳಿ. ದಾರಿ ಉತ್ತರದಿಂದ ದಕ್ಷಿಣಕ್ಕೆ ಹೋಗುತ್ತದೆ, ಮಧ್ಯಾಹ್ನದ ಬಿಸಿಲು ಎದುರಿಗೇ ಹೊಡೆಯುತ್ತದೆ. ಹಾಗಾಗಿ ಮುಂದಿನ ಬೆಟ್ಟಸಾಲನ್ನು ಬೆಳಿಗ್ಗೆ, ಸಂಜೆ ತೆಗೆಯುತ್ತಿದ್ದೆ. ಮಧ್ಯಾಹ್ನ ನಾನೇ ಮುಂದೆ ಹೋಗಿ, ತಿರುಗಿ ನಿಂತು, ನಡೆದು ಬರುವವರ ಮುಖ ಹಿಡಿಯುತ್ತಿದ್ದೆ. 1699 ಮೀಟರ್ ಎತ್ತರದ ಫಿನಿಯೆಲ್ ಶಿಖರದ ಸುತ್ತ ರಾಷ್ಟ್ರೀಯ ಉದ್ಯಾನವಿದೆ. ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. ನನಗೆ ಅದು ಬೇಕೂ ಇರಲಿಲ್ಲ. ಅವನು ಕಂಡಿದ್ದು ನೆಲದ ಮೇಲೆ ನಿಂತು.

ಹಿನ್ನೆಲೆ ದನಿಗೆ ಪುಸ್ತಕದ ಜೊತೆ ಅವನ ದಿನಚರಿಯನ್ನೂ ಬಳಸಿದೆ. ಅದು ಅಚ್ಚಾಗಿದ್ದು 1978ರಲ್ಲಿ. ದಾರಿಯಲ್ಲೇ ಬರೆದದ್ದರಿಂದ ಅದರಲ್ಲಿ ದಣಿವು ಇನ್ನೂ ಹಸಿಯಾಗಿದೆ. ಕಣ್ಣೆದುರು ಇರುವುದನ್ನು ದನಿಯಲ್ಲಿ ಮತ್ತೆ ಹೇಳಲಿಲ್ಲ. ಈಗ ಇಲ್ಲದ್ದಕ್ಕೆ ಮಾತ್ರ ಅವನ ಮಾತು ಇಟ್ಟೆ. ಅವನು ತಂಗಿದ್ದ ಅವರ್ ಲೇಡಿ ಆಫ್ ದ ಸ್ನೋಸ್ ಮಠವನ್ನೇ ನೋಡಿ. ಹಳೆಯ ಕಟ್ಟಡ 1912ರಲ್ಲಿ ಸುಟ್ಟುಹೋಯಿತು, ಈಗಿರುವುದು ಆಮೇಲೆ ಕಟ್ಟಿದ್ದು. ಈಗಿನ ಬಾಗಿಲು ತೋರಿಸಿ 'ಅವನು ಇಲ್ಲೇ ಒಳಗೆ ಹೋದ' ಎಂದರೆ ನೋಡುವವರಿಗೆ ಮೋಸ.

ಪೋಂ-ದ-ಮೋಂವೇರ್ ಎಂಬ ಊರಿನಲ್ಲಿ ಮಾತ್ರ ಚಿತ್ರ ಬೇಕೆಂದೇ ನಿಧಾನವಾಗುತ್ತದೆ. 1702ರಲ್ಲಿ ಇಲ್ಲಿ ಒಬ್ಬ ಕ್ಯಾಥೊಲಿಕ್ ಪಾದ್ರಿಯ ಕೊಲೆಯಾಗಿ ಕ್ಯಾಮಿಸಾರ್ ಎಂದು ಕರೆಯುವ ಇಲ್ಲಿನ ಪ್ರಾಟೆಸ್ಟೆಂಟ್ ಬಂಡಾಯಗಾರರ ದಂಗೆ ಎದ್ದಿತು. ಸ್ಕಾಟ್ಲೆಂಡಿನ ಪ್ರಾಟೆಸ್ಟೆಂಟ್ ಮನೆಯಲ್ಲಿ ಬೆಳೆದ ಸ್ಟೀವನ್‌ಸನ್‌ಗೆ ಇದು ತನ್ನವರದೇ ಕಥೆ ಅನ್ನಿಸಿತ್ತು. ನಟರನ್ನಿಟ್ಟು ದಂಗೆಯನ್ನು ಮತ್ತೆ ಆಡಿಸಬಹುದಿತ್ತು, ಬೇಡ ಅಂದೆ. ಟಾರ್ನ್ ನದಿ, ಸೇತುವೆ, ಅದರ ಗಡಿಯಾರದ ಗೋಪುರ, ನೀರಿನ ಸದ್ದು. ಇಷ್ಟರ ಮೇಲೆ ಅವನ ಮಾತು ಸಾಕಾಯಿತು.

ಎಡಿಟಿಂಗ್‌ನಲ್ಲಿ ಜಾಸ್ತಿ ತಲೆ ಕೆಡಿಸಿದ್ದು ಸ್ಟೀವನ್‌ಸನ್ ಪ್ರೀತಿಸುತ್ತಿದ್ದ ಫ್ಯಾನಿ ಆಸ್ಬರ್ನ್ ವಿಷಯ. ಅವನು ಹೊರಡುವ ಮುಂಚಿನ ತಿಂಗಳು ಆಕೆ ಅಮೆರಿಕಕ್ಕೆ ಮರಳಿದ್ದಳು. ಪುಸ್ತಕದಲ್ಲಿ ಹೆಸರಿಲ್ಲ, ನೆರಳಿದೆ. ಶುರುವಿನಲ್ಲೇ ಹೇಳಿಬಿಟ್ಟರೆ ಇಡೀ ನಡಿಗೆ ವಿರಹದ ಕಥೆಯಾಗಿಬಿಡುತ್ತದೆ. ಕೊನೆಯ ಊರಿನಲ್ಲಿ ಅವನು 65 ಫ್ರಾಂಕಿಗೆ ಕೊಂಡಿದ್ದ ಕತ್ತೆಯನ್ನು 35ಕ್ಕೆ ಮಾರಿ, ತನಗೆ ಬಂದಿರಬಹುದಾದ ಪತ್ರಗಳಿಗಾಗಿ ಅಲೆಸ್ ಊರಿನ ಕಡೆಗೆ ಗಾಡಿ ಹತ್ತುತ್ತಾನೆ. ಫ್ಯಾನಿಯ ಹೆಸರನ್ನು ಅಲ್ಲಿಯವರೆಗೂ ತಡೆದಿಟ್ಟೆ.