ಹಳದಿ ದೀಪ ಹತ್ತಿದೆಯೇ? ಪಾರ್ಟ್ ಕೊಳ್ಳುವ ಮೊದಲು ಕೋಡ್ ಓದಿಸಿ

ಕಳೆದ ಮಳೆಗಾಲದಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಮಂಜು ಕವಿದಿತ್ತು. ರಸ್ತೆ ಮೇಲೆ ನೀರು ಹರಿಯುತ್ತಿತ್ತು. ಮೂರನೇ ತಿರುವೋ ನಾಲ್ಕನೆಯದೋ, ಡ್ಯಾಶ್‌ಬೋರ್ಡ್‌ನಲ್ಲಿ ಒಂದು ಹಳದಿ ದೀಪ ಹತ್ತಿತು. ಪುಟ್ಟ ಕಾರಿನ ಚಿತ್ರ, ಅದರ ಹಿಂದೆ ಹಾವು ಹರಿದಂತೆ ಎರಡು ಗೆರೆ. ಬೆನ್ನಿಗೇ ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪವೂ ಬಂತು. ಉಜಿರೆ ತಲುಪಿದರೂ ಎರಡೂ ಆರಲಿಲ್ಲ.

ಮಾರನೇ ದಿನ ಒಂದು ಗ್ಯಾರೇಜಿಗೆ ಹೋದೆ. ಬಾನೆಟ್ ಎತ್ತಿ ನೋಡಿ, 'ಎಬಿಎಸ್ ಯುನಿಟ್ ಹೋಗಿದೆ ಸಾರ್, 38,000 ಆಗುತ್ತೆ' ಅಂದರು. ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿಯೇ ಇರಲಿಲ್ಲ. ಕೊನೆಗೆ ನನ್ನ ಕಾರು ಸರಿಹೋದದ್ದು 400 ರೂಪಾಯಿಯಲ್ಲಿ. ಆ ಹೊತ್ತಿಗೆ ನಾನು ಕಲಿತದ್ದನ್ನು, ಬಿಟ್ಟಿಯಾಗಿ ಆಗುವ ಪರೀಕ್ಷೆಯಿಂದ ದುಬಾರಿಯದರ ಕಡೆಗೆ, ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ.

ಈ ದೀಪದ ಹಿಂದಿರುವ ವ್ಯವಸ್ಥೆಗೆ ಒಂದೊಂದು ಕಂಪನಿಯಲ್ಲಿ ಒಂದೊಂದು ಹೆಸರು. ಮಾರುತಿಯವರು ಇಎಸ್‌ಪಿ ಅನ್ನುತ್ತಾರೆ. ಹ್ಯುಂಡೈನವರು ಇಎಸ್‌ಸಿ, ಟೊಯೊಟಾದವರು ವಿಎಸ್‌ಸಿ, ಹೋಂಡಾದವರು ವಿಎಸ್‌ಎ. ಕೆಲಸ ಒಂದೇ. ಸ್ಟೀರಿಂಗ್ ಎಷ್ಟು ತಿರುಗಿದೆ ಎಂದು ಒಂದು ಸೆನ್ಸರ್ ಹೇಳುತ್ತದೆ. ಕಾರು ನಿಜಕ್ಕೂ ಎಷ್ಟು ತಿರುಗುತ್ತಿದೆ ಎಂದು ಇನ್ನೊಂದು ಹೇಳುತ್ತದೆ. ನಾಲ್ಕು ಚಕ್ರಗಳ ವೇಗ ಹೇಳಲು ನಾಲ್ಕು ಸೆನ್ಸರ್ ಇವೆ. ನೀವು ಹೋಗಬೇಕೆಂದ ಕಡೆಗೂ ಕಾರು ಹೋಗುತ್ತಿರುವ ಕಡೆಗೂ ತಾಳೆ ಆಗದಿದ್ದರೆ, ಕಂಪ್ಯೂಟರ್ ಒಂದೇ ಒಂದು ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ದಾರಿಗೆ ಎಳೆಯುತ್ತದೆ. ಹಿಂಭಾಗ ಜಾರಿದರೆ ಹೊರಗಡೆಯ ಮುಂದಿನ ಚಕ್ರಕ್ಕೆ, ಮುಂಭಾಗ ಜಾರಿದರೆ ಒಳಗಡೆಯ ಹಿಂದಿನ ಚಕ್ರಕ್ಕೆ. ಬಾಷ್ ಕಂಪನಿ 1995ರಲ್ಲಿ ಇದನ್ನು ಮೊದಲು ತಂದಾಗ ಇದು ಮರ್ಸಿಡಿಸ್ ಎಸ್ ಕ್ಲಾಸ್‌ನಂಥ ಕಾರಿಗೆ ಮಾತ್ರ ಇತ್ತು. ಈಗ ನಮ್ಮ ಸಣ್ಣ ಕಾರುಗಳಲ್ಲೂ ಇದೆ. ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ, 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ 3 ಸ್ಟಾರ್ ಬೇಕೆಂದರೂ ಇದು ಇರಲೇಬೇಕು. ಘಾಟಿ ರಸ್ತೆಯಲ್ಲಿ ಓಡಾಡುವವರು ಈ ದೀಪವನ್ನು 'ಸುಮ್ನೆ ಹತ್ತಿದೆ ಬಿಡಿ' ಎಂದು ಬಿಡಬಾರದು.

ಮೊದಲು ದೀಪವನ್ನೇ ಓದಿ

ಓಡಿಸುವಾಗ ದೀಪ ಮಿಣುಕಿ ಆರಿದರೆ ಅದು ತೊಂದರೆಯಲ್ಲ. ಚಕ್ರ ಜಾರಿತ್ತು, ವ್ಯವಸ್ಥೆ ತನ್ನ ಕೆಲಸ ಮಾಡಿತು, ಅಷ್ಟೇ. ದೀಪದ ಜೊತೆ 'ಆಫ್' ಎಂದು ಬರೆದಿದ್ದರೆ ಮೊದಲು ಸ್ವಿಚ್ ನೋಡಿ. ಡ್ಯಾಶ್‌ಬೋರ್ಡ್ ಒರೆಸುವಾಗ ಯಾರದ್ದೋ ಕೈ ತಾಗಿ ಒತ್ತಿಹೋಗಿರುವುದು ಎಷ್ಟೋ ಸಲ ಆಗುತ್ತದೆ. ಬಿಡದೆ ಹತ್ತಿಕೊಂಡೇ ಇದ್ದರೆ ಮಾತ್ರ ಮುಂದಿನ ಕೆಲಸ.

ಜೊತೆಗೆ ಬೇರೆ ಯಾವ ದೀಪ ಇದೆ ಎಂದು ನೋಡಿ. ಅರ್ಧ ಉತ್ತರ ಅಲ್ಲೇ ಇರುತ್ತದೆ. ಎಬಿಎಸ್ ದೀಪವೂ ಇದ್ದರೆ ಚಕ್ರದ ಸೆನ್ಸರ್, ಅದರ ವೈರ್, ಫ್ಯೂಸ್ ಅಥವಾ ಎಬಿಎಸ್ ಯುನಿಟ್ ಕಡೆ ಅನುಮಾನ ಪಡಬೇಕು. ಎಬಿಎಸ್ ದೀಪ ಇಲ್ಲದೆ ಇದೊಂದೇ ಇದ್ದರೆ ಸ್ಟೀರಿಂಗ್ ಸೆನ್ಸರ್ ಅಥವಾ ಬ್ರೇಕ್ ಸ್ವಿಚ್ ಇರಬಹುದು. ಚೆಕ್ ಎಂಜಿನ್ ದೀಪದ ಜೊತೆ ಬಂದಿದ್ದರೆ ಬ್ರೇಕ್ ಕಡೆ ಏನೂ ಆಗಿರದಿರಬಹುದು. ಕಾರು ಜಾರಿದಾಗ ಎಂಜಿನ್ ಶಕ್ತಿಯನ್ನೂ ತಗ್ಗಿಸಬೇಕಲ್ವಾ? ಎಂಜಿನ್ ಸೆನ್ಸರ್ ಕೆಟ್ಟರೆ ಅದು ಆಗುವುದಿಲ್ಲ. ಹಾಗಾಗಿ ಹಲವು ಕಾರುಗಳಲ್ಲಿ ಈ ವ್ಯವಸ್ಥೆ ತಾನೇ ಆಫ್ ಆಗುತ್ತದೆ. ಎಂಜಿನ್ ಕೋಡ್ ಸರಿಮಾಡಿದರೆ ಈ ದೀಪವೂ ಹೋಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಉಳಿತಾಯದ ಯೋಚನೆ ಬೇಡ. ಕೆಂಪು ಬ್ರೇಕ್ ದೀಪವೂ ಜೊತೆಗೆ ಹತ್ತಿದ್ದರೆ ಕಾರು ಓಡಿಸಬೇಡಿ. ಹ್ಯಾಂಡ್‌ಬ್ರೇಕ್ ಬಿಟ್ಟಿದೆಯೇ ನೋಡಿ, ಬ್ರೇಕ್ ಆಯಿಲ್ ಮಟ್ಟ ನೋಡಿ, ಟೋ ಮಾಡಿಸಿ. ಹಳದಿ ದೀಪ ಮಾತ್ರ ಇದ್ದರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ. ಆದರೆ ಜಾರಿದಾಗ ಹಿಡಿಯುವವರು ಯಾರೂ ಇಲ್ಲ. ನಿಧಾನವಾಗಿ, ಮುಂದಿನ ಗಾಡಿಯಿಂದ ದೂರ ಇಟ್ಟುಕೊಂಡು ಹೋಗಬೇಕು.

ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರಿಗೂ ಒಂದು ಮಾತು. ಇಗ್ನಿಷನ್ ಆನ್ ಮಾಡಿದಾಗ ಈ ದೀಪ ಕೆಲವು ಸೆಕೆಂಡ್ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ದೀಪವನ್ನೇ ಮುಚ್ಚಿರಬಹುದು.

ಕಾಸಿಲ್ಲದೆ ಆಗುವ ಪರೀಕ್ಷೆಗಳು

ಟೈರ್‌ಗಳಲ್ಲಿ ಗಾಳಿ ಸರಿಯಾಗಿ ತುಂಬಿಸಿ. ಸ್ಟೆಪ್ನಿ ಹಾಕಿದ್ದೀರಾ, ಅದರ ಅಳತೆ ಬೇರೆಯೇ? ಮೂರು ಟೈರ್ ಸವೆದು ಒಂದು ಹೊಸದೇ? ಚಕ್ರದ ಸುತ್ತಳತೆ ಬೇರೆಯಾದರೆ ಅದು ತಿರುಗುವ ವೇಗವೂ ಬೇರೆಯಾಗುತ್ತದೆ. ವ್ಯತ್ಯಾಸ ಜಾಸ್ತಿಯಾದರೆ ಕಂಪ್ಯೂಟರ್ ಗೊಂದಲಕ್ಕೆ ಬೀಳುತ್ತದೆ.

ಆಮೇಲೆ ಬ್ಯಾಟರಿ. ಇಲ್ಲಿ ಒಂದು ಮಲ್ಟಿಮೀಟರ್ ಬೇಕು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ನಿಮ್ಮೂರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಾಗಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.4ರಿಂದ 12.6 ವೋಲ್ಟ್, ಎಂಜಿನ್ ಓಡುವಾಗ ಸುಮಾರು 13.5ರಿಂದ 14.5 ಇರಬೇಕು. ಬ್ಯಾಟರಿ ಸೋತಿದ್ದರೆ ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ಕುಸಿದು, ಎಲ್ಲ ಕಂಪ್ಯೂಟರ್‌ಗಳೂ ಒಂದೊಂದು ದೂರು ಬರೆದಿಡುತ್ತವೆ. ಟರ್ಮಿನಲ್‌ನಲ್ಲಿ ಕಿಲುಬು ಹಿಡಿದಿದ್ದರೆ ಉಜ್ಜಿ ಬಿಗಿಮಾಡಿ.

ಬ್ಯಾಟರಿ ಬದಲಿಸಿದ ಮೇಲೆ ಅಥವಾ ಅಲೈನ್‌ಮೆಂಟ್ ಮಾಡಿಸಿದ ಮೇಲೆ ದೀಪ ಬಂದಿದೆಯೇ? ಸ್ಟೀರಿಂಗ್ ಸೆನ್ಸರ್ ತನ್ನ ನಡುಬಿಂದು ಮರೆತಿರಬಹುದು. ಎಂಜಿನ್ ಆನ್ ಇಟ್ಟು ಸ್ಟೀರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಮಧ್ಯಕ್ಕೆ ತನ್ನಿ. ನಂತರ ನೇರ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ. ಹಲವು ಕಾರುಗಳಿಗೆ ಇಷ್ಟು ಸಾಕು. ಉಳಿದವಕ್ಕೆ ಸ್ಕ್ಯಾನರ್‌ನಿಂದ ಮತ್ತೆ ಸೆಟ್ ಮಾಡಿಸಬೇಕು.

ಫ್ಯೂಸ್ ನೋಡಿ. ಎಬಿಎಸ್‌ಗೆ ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ ಫ್ಯೂಸ್ ಇರುತ್ತವೆ. ಯಾವುದು ಎಲ್ಲಿದೆ ಎಂಬುದು ಓನರ್ಸ್ ಮ್ಯಾನುವಲ್‌ನಲ್ಲಿದೆ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದ್ದನ್ನು ಹಾಕಿ, ಜಾಸ್ತಿಯದ್ದು ಬೇಡ. ಮತ್ತೆ ಸುಟ್ಟರೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ.

ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ತುಳಿಯಿರಿ. ಬ್ರೇಕ್ ಲೈಟ್ ಬರುತ್ತಿಲ್ಲವೇ, ಅಥವಾ ಕಾಲು ತೆಗೆದರೂ ಆರುತ್ತಿಲ್ಲವೇ? ಪೆಡಲ್ ಮೇಲಿರುವ ಬ್ರೇಕ್ ಸ್ವಿಚ್ ಕೆಟ್ಟಿರಬಹುದು. ಈ ಪಟ್ಟಿಯಲ್ಲಿ ಬಹುಶಃ ಎಲ್ಲಕ್ಕಿಂತ ಅಗ್ಗದ ಪಾರ್ಟ್ ಅದು.

ಕೋಡ್ ಓದಿಸುವುದು

ಇಲ್ಲಿಯವರೆಗೆ ಉತ್ತರ ಸಿಗದಿದ್ದರೆ ಕಾರನ್ನೇ ಕೇಳಬೇಕು. ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಒಬಿಡಿ ಸಾಕೆಟ್ ಇದೆ. ಅದಕ್ಕೆ ಚುಚ್ಚಿ ಫೋನಿನ ಆ್ಯಪ್‌ನಲ್ಲಿ ಕೋಡ್ ನೋಡಲು ಇಎಲ್‌ಎಂ 327 ಎಂಬ ಸಣ್ಣ ಬ್ಲೂಟೂತ್ ಸಾಧನ ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಆದರೆ ಎಚ್ಚರ. ಹೆಚ್ಚಿನ ಉಚಿತ ಆ್ಯಪ್‌ಗಳು ಎಂಜಿನ್ ಕೋಡ್ ಮಾತ್ರ ಓದುತ್ತವೆ. 'ತೊಂದರೆ ಏನೂ ಇಲ್ಲ' ಎಂದು ತೋರಿಸುತ್ತವೆ, ಎದುರಿಗೆ ದೀಪ ಉರಿಯುತ್ತಲೇ ಇರುತ್ತದೆ. ನಿಮ್ಮ ಮಾಡೆಲ್‌ನ ಎಬಿಎಸ್ ಓದುವ ಆ್ಯಪ್ ಇದೆಯೇ ಎಂದು ಖಚಿತ ಮಾಡಿಕೊಂಡೇ ಕೊಳ್ಳಿ. ಇಲ್ಲವಾದರೆ ಒಳ್ಳೇ ಸ್ಕ್ಯಾನರ್ ಇರುವ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋಗುವುದೇ ಮೇಲು. ನನ್ನಿಂದ ಅವರು 300 ರೂಪಾಯಿ ತೆಗೆದುಕೊಂಡರು.

ಕೋಡ್ ಅಳಿಸುವ ಮೊದಲು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಪಿ ಅಕ್ಷರದಿಂದ ಶುರುವಾದರೆ ಎಂಜಿನ್ ಅಥವಾ ಗೇರ್, ಸಿ ಎಂದರೆ ಬ್ರೇಕ್, ಸ್ಟೀರಿಂಗ್ ಕಡೆಯದು, ಯು ಎಂದರೆ ಕಂಪ್ಯೂಟರ್‌ಗಳ ನಡುವೆ ಮಾತು ನಿಂತಿದೆ. ಸಿ 0035 ಮುಂದಿನ ಎಡ ಚಕ್ರ, ಸಿ 0040 ಮುಂದಿನ ಬಲ, ಸಿ 0045 ಹಿಂದಿನ ಎಡ, ಸಿ 0050 ಹಿಂದಿನ ಬಲ. ಕೆಲವು ಕಂಪನಿಗಳು ತಮ್ಮದೇ ನಂಬರ್ ಬಳಸುತ್ತವೆ. ಯು 0121 ಬಂದರೆ ಎಬಿಎಸ್ ಕಂಪ್ಯೂಟರ್ ಉತ್ತರವನ್ನೇ ಕೊಡುತ್ತಿಲ್ಲ. ಆಗ ಮೊದಲು ನೋಡಬೇಕಾದದ್ದು ಫ್ಯೂಸ್ ಮತ್ತು ಅರ್ತ್ ವೈರ್.

ಕೋಡ್ ಹೇಳುವುದು ಜಾಗವನ್ನು, ಕೆಟ್ಟ ಪಾರ್ಟನ್ನಲ್ಲ. 'ಹಿಂದಿನ ಎಡ ಚಕ್ರ' ಎಂದು ಬಂದ ಕೂಡಲೇ ಸೆನ್ಸರ್ ಕೊಂಡರೆ ದುಡ್ಡು ದಂಡವಾಗಬಹುದು. ಸೆನ್ಸರ್, ವೈರ್, ವೈರ್ ಜೋಡಿಸುವ ಕಪ್ಲರ್, ಸೆನ್ಸರ್ ವೇಗ ಎಣಿಸಲು ಬಳಸುವ ಚಕ್ರದೊಳಗಿನ ಹಲ್ಲಿನ ರಿಂಗ್, ಇವುಗಳಲ್ಲಿ ಯಾವುದೂ ಆಗಿರಬಹುದು. ಒಬ್ಬರು ಓಡಿಸುತ್ತಿರಲಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ಸ್ಕ್ಯಾನರ್‌ನಲ್ಲಿ ನಾಲ್ಕೂ ಚಕ್ರದ ವೇಗ ನೋಡಲಿ. ಖಾಲಿ ರಸ್ತೆಯಲ್ಲಿ ನೇರವಾಗಿ 20–30 ಕಿ.ಮೀ. ವೇಗ ಸಾಕು. ಮೂರು 25 ತೋರಿಸಿ ಒಂದು ಸೊನ್ನೆಯಲ್ಲೇ ನಿಂತಿದ್ದರೆ ಅಲ್ಲಿಂದ ಸಿಗ್ನಲ್ಲೇ ಬರುತ್ತಿಲ್ಲ. ಆಗಾಗ ಬಿದ್ದು ಏಳುತ್ತಿದ್ದರೆ ವೈರ್ ಅರ್ಧ ಕಟ್ಟಾಗಿದೆ, ಇಲ್ಲವೇ ರಿಂಗ್ ಹಾಳಾಗಿದೆ.

ಚಕ್ರದ ಹತ್ತಿರ

ಸಮತಟ್ಟಾದ ನೆಲ, ಉಳಿದ ಚಕ್ರಕ್ಕೆ ಕಲ್ಲು, ಜಾಕ್ ಜೊತೆಗೆ ಸ್ಟ್ಯಾಂಡ್. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಚಕ್ರ ಬಿಚ್ಚಿ ಹಬ್ ಹಿಂದೆ ನೋಡಿದರೆ ಒಂದು ತೆಳು ಕಪ್ಪು ವೈರ್ ಕಾಣುತ್ತದೆ. ಅದನ್ನು ಬೆರಳಲ್ಲಿ ಹಿಡಿದು ಕಪ್ಲರ್ ತನಕ ಸವರುತ್ತಾ ಹೋಗಿ.

ನಮ್ಮ ಸಮಸ್ಯೆ ಸಿಕ್ಕಿದ್ದು ಇಲ್ಲೇ. ವೈರ್ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಮುರಿದಿತ್ತು. ವೈರ್ ಜೋತುಬಿದ್ದು ಸ್ಪ್ರಿಂಗಿಗೆ ಉಜ್ಜಿ ಸಿಪ್ಪೆ ಹೋಗಿತ್ತು. ಒಳಗಿನ ತಾಮ್ರ ಹಸಿರಾಗಿತ್ತು. ಬೇಸಿಗೆಯಲ್ಲಿ ಹೇಗೋ ನಡೆದಿತ್ತು, ಮಳೆನೀರು ಬಿದ್ದ ದಿನ ಕೈಕೊಟ್ಟಿತು. ಎಲೆಕ್ಟ್ರಿಷಿಯನ್ ಹಾಳಾದ ತುಂಡು ಕತ್ತರಿಸಿ, ಹೊಸ ವೈರ್ ಬೆಸೆದು, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ತೋಳು ಹಾಕಿ, ಟೈ ಕಟ್ಟಿದರು. ವೈರ್ ಕೆಲಸಕ್ಕೆ 100, ಸ್ಕ್ಯಾನ್‌ಗೆ 300. ಸುಮ್ನೆ ತಿರುಚಿ ಟೇಪ್ ಸುತ್ತಿದರೆ ಇದು ಬಾಳುವುದಿಲ್ಲ. ಅಲ್ಲಿ ಓಡುವ ಕರೆಂಟ್ ತೀರಾ ಕಡಿಮೆ, ಸ್ವಲ್ಪ ತೇವವಾದರೂ ಲೆಕ್ಕ ತಪ್ಪುತ್ತದೆ.

ತೋಟದ ಮನೆಯವರು, ಶೆಡ್‌ನಲ್ಲಿ ಕಾರು ನಿಲ್ಲಿಸುವವರು ಇಲಿ ಕಚ್ಚಿದ ಗುರುತನ್ನೂ ಹುಡುಕಬೇಕು. ಕರಾವಳಿಯಲ್ಲಿ ಉಪ್ಪುಗಾಳಿಗೆ ರಿಂಗ್ ತುಕ್ಕು ಹಿಡಿದು ಉಬ್ಬುತ್ತದೆ. ಮಲೆನಾಡಿನ ಕೆಸರು ಸೆನ್ಸರ್ ತುದಿಗೆ ಮೆತ್ತಿಕೊಳ್ಳುತ್ತದೆ. ಬಟ್ಟೆಯಿಂದ ಒರೆಸಿ, ಕಪ್ಲರ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮತ್ತೆ ನೋಡಿ. ಇತ್ತೀಚೆಗೆ ವೀಲ್ ಬೇರಿಂಗ್ ಹಾಕಿಸಿದ್ದರೆ ಅದನ್ನೂ ಎಲೆಕ್ಟ್ರಿಷಿಯನ್‌ಗೆ ಹೇಳಿ. ಈಗಿನ ಹಲವು ಬೇರಿಂಗ್‌ಗಳ ಒಂದು ಮುಖದಲ್ಲಿ, ಹಲ್ಲಿನ ರಿಂಗ್ ಬದಲಿಗೆ, ಮ್ಯಾಗ್ನೆಟ್ ಪಟ್ಟಿ ಇರುತ್ತದೆ. ತಿರುಗಾಮುರುಗಾ ಕೂರಿಸಿದರೆ ಸೆನ್ಸರ್‌ಗೆ ಏನೂ ಕಾಣಿಸದು.

ವೈರ್‌ನ ಎರಡೂ ತುದಿ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಕಂಟಿನ್ಯುಟಿ, ಅಂದರೆ ಒಂದು ತುದಿಯಿಂದ ಇನ್ನೊಂದಕ್ಕೆ ಕರೆಂಟ್ ಹರಿಯುತ್ತದೆಯೇ ಎಂದು, ನೋಡಿ. ನೋಡುವಾಗ ವೈರನ್ನು ಬಾಗಿಸಿ, ಅಲುಗಾಡಿಸಿ. ಹೊರಗೆ ಚೆನ್ನಾಗಿದ್ದು ಒಳಗೆ ತುಂಡಾಗಿರುವುದು ಆಗ ತಿಳಿಯುತ್ತದೆ. ಸೆನ್ಸರ್‌ನ ಓಮ್ ಅಳೆಯುವುದು ಹಳೇ ಮಾದರಿಯ ಕಾಯಿಲ್ ಸೆನ್ಸರ್‌ಗೆ ಮಾತ್ರ, ಅದರಲ್ಲಿ ಸಾಮಾನ್ಯವಾಗಿ ಸುಮಾರು 1,000ದಿಂದ 2,000 ಓಮ್ ಸಿಗುತ್ತದೆ. ಒಳಗೆ ಚಿಪ್ ಇರುವ ಈಗಿನ ಹಾಲ್ ಮಾದರಿಯ ಸೆನ್ಸರ್‌ಗಳನ್ನು ಹೀಗೆ ಅಳೆದು ಒಳ್ಳೆಯದು, ಕೆಟ್ಟದ್ದು ಎನ್ನಲಾಗದು.

ವೈರ್ ಸರಿಯಿದ್ದು, ರಿಂಗೂ ಸರಿಯಿದ್ದರೆ ಆಗ ಸೆನ್ಸರ್ ಕೊಳ್ಳಿ. ಪಾರ್ಟ್ ನಂಬರ್ ಬರೆದುಕೊಂಡು ಹೋಗಿ, ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ನಾಲ್ಕು ಅಂಗಡಿಯಲ್ಲಿ ರೇಟ್ ಕೇಳಿ. ಹಳೆಯದನ್ನು ಹಿಡಿದಿರುವುದು ಸಾಮಾನ್ಯವಾಗಿ ಒಂದೇ ಬೋಲ್ಟ್, ಆದರೆ ತುಕ್ಕಿಗೆ ಕಚ್ಚಿಕೊಂಡಿರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ಗಂಟೆ ಬಿಟ್ಟು ನಿಧಾನವಾಗಿ ತಿರುಗಿಸಿ ತೆಗೆಯಿರಿ.

ಮನೆಯಲ್ಲಿ ಮುಟ್ಟಬಾರದ್ದೂ ಇದೆ. ಹಲವು ಕಾರುಗಳಲ್ಲಿ ಸ್ಟೀರಿಂಗ್ ಸೆನ್ಸರ್ ಏರ್‌ಬ್ಯಾಗ್ ಹಿಂದೆ ಇರುತ್ತದೆ, ಅದನ್ನು ಬಿಚ್ಚಬೇಡಿ. ಬ್ರೇಕ್ ಪೈಪ್‌ಗಳು ಬಂದು ಸೇರುವ ಎಬಿಎಸ್ ಯುನಿಟ್ಟನ್ನೂ ಅಷ್ಟೇ.

ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಸ್ವಲ್ಪ ದೂರ ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿ. ಕೆಲವು ಕಾರುಗಳಲ್ಲಿ ಚಕ್ರಗಳ ವೇಗ ಸರಿಯಿದೆ ಎಂದು ಖಾತ್ರಿಯಾದ ಮೇಲಷ್ಟೇ ದೀಪ ಆರುತ್ತದೆ. ಇಷ್ಟೆಲ್ಲ ಆದರೂ ಯುನಿಟ್ಟೇ ಕೆಟ್ಟಿದೆ ಎಂದು ತಿಳಿದರೆ, ಹೊಸದಕ್ಕೆ ಹೂಂ ಅನ್ನುವ ಮೊದಲು ಅದರ ಎಲೆಕ್ಟ್ರಾನಿಕ್ ಬೋರ್ಡ್ ಮಾತ್ರ ರಿಪೇರಿ ಮಾಡುವವರು ಇದ್ದಾರೆಯೇ ಎಂದು ವಿಚಾರಿಸಿ. ಕೋಡ್‌ಗಳ ಫೋಟೊ ತೋರಿಸಿ, ಬಿಲ್ಲಿನಲ್ಲಿ ಕೋಡ್ ಬರೆಸಿ, ಹಳೇ ಪಾರ್ಟ್ ವಾಪಸ್ ಕೇಳಿ. ಪೈಪ್ ಬಿಚ್ಚಿದ್ದರೆ ಬ್ರೇಕ್‌ನ ಗಾಳಿ ಪೂರ್ತಿ ತೆಗೆದಿದ್ದಾರೆಯೇ ಎಂದು ಕೇಳಿ, ಗ್ಯಾರೇಜಿನ ಅಂಗಳದಲ್ಲೇ ಪೆಡಲ್ ತುಳಿದು ನೋಡಿ. ಮೆತ್ತಗೆ ಕೆಳಗಿಳಿದರೆ ಕಾರನ್ನು ಹೊರಗೆ ತರಬೇಡಿ.