ಮಡಚಿ ಬಾಗಿಲ ಹಿಂದೆ ಇಡುವಂಥ ಕುಣಿಯುವ ಸೀಟು: ನಾನು ಮಾಡಿದ್ದು ಹೀಗೆ

ಕುತ್ತಿಗೆ ನಿಂತಿರುವ, ಆದರೆ ಇನ್ನೂ ನಡೆಯಲು ಬಾರದ ಮಕ್ಕಳಿಗೆ ಒಂದು ಬಗೆಯ ಸೀಟು ಬರುತ್ತದೆ. ಒಂದು ಗಟ್ಟಿ ಫ್ರೇಮು, ಅದರಿಂದ ಸ್ಪ್ರಿಂಗಿನಲ್ಲಿ ಇಳಿಬಿಟ್ಟ ಬಟ್ಟೆಯ ಸೀಟು, ಸುತ್ತ ನಾಲ್ಕಾರು ಆಟಿಕೆ. ಮಗು ಪಾದವನ್ನು ನೆಲಕ್ಕೆ ಒತ್ತಿದರೆ ಮೇಲೇಳುತ್ತದೆ, ಇಳಿಯುತ್ತದೆ, ಮತ್ತೆ ಒತ್ತುತ್ತದೆ. ಅಂಗಡಿಯಲ್ಲಿ ಸಿಗುವವು ಒಳ್ಳೆಯವೇ. ಆದರೆ ಅವು ಹಿಡಿಯುವ ಜಾಗ ಜಾಸ್ತಿ. ಬೆಂಗಳೂರಿನ ಎರಡು ರೂಮಿನ ಮನೆಯ ಹಾಲಿನಲ್ಲಿ ಅದನ್ನಿಟ್ಟರೆ ದೊಡ್ಡವರು ಗೋಡೆ ಸವರಿಕೊಂಡು ಓಡಾಡಬೇಕು. ನಮ್ಮಕ್ಕನ ಮನೆಯಲ್ಲಿ ಇದೇ ಪಾಡಾಗಿತ್ತು.

ಜಾಗಕ್ಕಿಂತ ನನ್ನನ್ನು ಕಾಡಿದ ವಿಷಯ ಬೇರೆ. ಎತ್ತಿಡಲು ಕಷ್ಟವಾದ ವಸ್ತು ಹರಡಿಕೊಂಡೇ ಇರುತ್ತದೆ. ಕಣ್ಣೆದುರಿಗೇ ಇದ್ದರೆ ಮಗುವನ್ನು ಅದರಲ್ಲಿ ಕೂರಿಸುವುದೂ ಸಲೀಸು. ಒಲೆ ಮೇಲೆ ಹಾಲಿದೆ, ಕೂರಿಸು. ಫೋನ್ ಬಂತು, ಕೂರಿಸು. ಒಂದು ಸಲಕ್ಕೆ 15-20 ನಿಮಿಷ ಸಾಕು ಅಂತ ಮಕ್ಕಳ ಫಿಸಿಯೋಥೆರಪಿಸ್ಟ್‌ಗಳು ಸಾಮಾನ್ಯವಾಗಿ ಹೇಳುತ್ತಾರೆ. ಉಳಿದ ಹೊತ್ತು ಮಗು ಚಾಪೆ ಮೇಲೆ ಮಗುಚಿಕೊಳ್ಳಬೇಕು, ಹೊರಳಬೇಕು, ತೆವಳಬೇಕು. ಸಲೀಸಾಗಿ ತೆಗೆದು, ಸ್ವಲ್ಪ ಹೊತ್ತು ಆಡಿಸಿ, ಅಷ್ಟೇ ಸಲೀಸಾಗಿ ಬಾಗಿಲ ಹಿಂದೆ ಇಡುವಂತಿದ್ದರೆ ಮಗು ಅದರಲ್ಲಿ ಗಂಟೆಗಟ್ಟಲೆ ಕೂರುವ ಪ್ರಮೇಯ ಬರುವುದಿಲ್ಲ. ಮಡಚುವ ಗುಣವೇ ಸುರಕ್ಷತೆಯ ಒಂದು ಭಾಗ. ಇಡೀ ಡಿಸೈನನ್ನು ನಾನು ಕಟ್ಟಿದ್ದು ಈ ನಂಬಿಕೆಯ ಮೇಲೆ.

ಇಂಥ ಸೀಟಿನ ಹಿಂದೆ ಒಬ್ಬ ತಾಯಿಯ ಕಥೆಯಿದೆ. ಒಲಿವಿಯಾ ಪೂಲ್ ಅಂತ ಅವರ ಹೆಸರು. ಅಮೆರಿಕದ ಮಿನ್ನೆಸೋಟಾದ ವೈಟ್ ಅರ್ಥ್ ಎಂಬಲ್ಲಿ, ಅಲ್ಲಿನ ಮೂಲನಿವಾಸಿಗಳ ನಡುವೆ ಬೆಳೆದವರು. ಅಲ್ಲಿನ ತಾಯಂದಿರು ಮಗುವನ್ನು ಕಟ್ಟಿದ ಹಲಗೆಯನ್ನು ತೊಗಲಿನ ಪಟ್ಟಿಯಿಂದ ಮರದ ಕೊಂಬೆಗೆ ತೂಗುಹಾಕುತ್ತಿದ್ದರು. ಅದನ್ನು ನೋಡಿದ್ದ ಒಲಿವಿಯಾ 1910ರ ಸುಮಾರಿಗೆ ತಮ್ಮ ಮಗುವಿಗೆ ಬಟ್ಟೆ, ಸ್ಪ್ರಿಂಗು, ಕೊಡಲಿಯ ಹಿಡಿ ಸೇರಿಸಿ ಕುಣಿಯುವ ಜೋಲಿ ಮಾಡಿಕೊಂಡರು. 1957ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮಲ್ಲೂ ಸೀರೆಯ ಜೋಲಿಗೆ ಸ್ಪ್ರಿಂಗ್ ಸಿಕ್ಕಿಸುವುದು ಹೊಸದೇನಲ್ಲ. ನಾನು ಮೊದಲು ಕೊಂಡು ತಂದು ಅಳತೆ ತೆಗೆದದ್ದು ಚಿಕ್ಕಪೇಟೆಯಲ್ಲಿ ಸಿಕ್ಕ ಒಂದು ಜೋಲಿ ಸ್ಪ್ರಿಂಗನ್ನೇ.

ಕುಣಿತದ ಲೆಕ್ಕ ಸರಳ. ಸ್ಪ್ರಿಂಗಿಗೆ ಭಾರ ಹಾಕಿದಾಗ ಅದು ಎಷ್ಟು ಇಳಿಯುತ್ತದೆ ಅನ್ನುವುದು ಗೊತ್ತಾದರೆ, ಎಷ್ಟು ಬೇಗ ಕುಣಿಯುತ್ತದೆ ಅನ್ನುವುದೂ ಗೊತ್ತಾಗುತ್ತದೆ. ನನ್ನ ಸೀಟಿಗೆ ಎರಡು ಸ್ಪ್ರಿಂಗು. ಎರಡೂ ಸೇರಿ ಒಂದು ಮಿ.ಮೀ. ಇಳಿಯಲು 1.2 ನ್ಯೂಟನ್ ಬಲ ಬೇಕಾಗುವಂತೆ ಮಾಡಿಸಿದೆ. 8 ಕೆ.ಜಿ. ಮಗು ಪೂರ್ತಿ ತೂಗಿಕೊಂಡರೆ ಸುಮಾರು 65 ಮಿ.ಮೀ. ಇಳಿಯುತ್ತದೆ. ಆಗ ಕುಣಿತ ಸೆಕೆಂಡಿಗೆ ಎರಡು ಸಲದಷ್ಟು. ಸ್ಪ್ರಿಂಗು ಬಿಗಿಯಾದರೆ ಮಗು ಒತ್ತಿ ಒತ್ತಿ ಸುಸ್ತಾಗುತ್ತದೆ, ಸೀಟು ಅಲ್ಲಾಡುವುದೇ ಇಲ್ಲ. ತೀರಾ ಮೆತ್ತಗಾದರೆ ಕೆಳಕ್ಕೆ ಜಗ್ಗಿ ಮಂಡಿ ಮಡಚಿಕೊಂಡುಬಿಡುತ್ತದೆ.

1993ರಲ್ಲಿ ಗೋಲ್ಡ್‌ಫೀಲ್ಡ್, ಕೇ, ವಾರೆನ್ ಎಂಬ ಮೂವರು ಸಂಶೋಧಕರು ಇಂಥ ಸೀಟಿನಲ್ಲಿ ಮಕ್ಕಳು ಕುಣಿಯಲು ಹೇಗೆ ಕಲಿಯುತ್ತಾರೆ ಅಂತ ಗಮನಿಸಿ ಬರೆದಿದ್ದಾರೆ. ಮೊದಮೊದಲು ಮಗು ಹೇಗೆಂದರೆ ಹಾಗೆ ಒದೆಯುತ್ತದೆ. ಬರಬರುತ್ತಾ ಸ್ಪ್ರಿಂಗಿನ ಸ್ವಂತ ಲಯವನ್ನು ಹಿಡಿದು, ಸರಿಯಾದ ಹೊತ್ತಿಗೆ ಒತ್ತಲು ಕಲಿಯುತ್ತದೆ. ಇದನ್ನು ಓದಿದ ಮೇಲೆ ಮೋಟಾರು ಹಾಕುವ ಯೋಚನೆಯನ್ನೇ ಕೈಬಿಟ್ಟೆ. ಸೀಟು ತಾನೇ ಕುಣಿಸಿದರೆ ಮಗುವಿಗೆ ಕಲಿಯಲು ಏನು ಉಳಿಯಿತು, ಅಲ್ವಾ?

ಇನ್ನು ಫ್ರೇಮು. ಹೆಚ್ಚು ತಲೆ ಕೆಡಿಸಿಕೊಂಡದ್ದು ಇಲ್ಲೇ. ಮಡಚಬೇಕು ಅಂದರೆ ಕೀಲು ಬೇಕು. ಕುಣಿಯುವ ವಸ್ತುವಿನಲ್ಲಿ ಪ್ರತಿ ಕೀಲೂ ಪ್ರತಿ ಸಲ ಅಲುಗುತ್ತದೆ, ದಿನಾ ಒಂದಿಷ್ಟು ಸವೆಯುತ್ತದೆ. ಹಾಗಾಗಿ ಕೀಲು ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು. 25 ಮಿ.ಮೀ. ಉಕ್ಕಿನ ಪೈಪನ್ನು ಇಂಗ್ಲಿಷಿನ ‘ಯು’ ಆಕಾರಕ್ಕೆ ಬಗ್ಗಿಸಿದ ಎರಡು ತುಂಡು. ಎರಡರ ತಳವೂ ನೆಲದ ಮೇಲೆ, ತುದಿಗಳು ಮೇಲೆ ಎಡಕ್ಕೊಂದು ಬಲಕ್ಕೊಂದು ಕೀಲಿನಲ್ಲಿ ಸೇರುತ್ತವೆ. ಬಿಡಿಸಿದರೆ ಪಕ್ಕದಿಂದ ‘ಎ’ ಅಕ್ಷರದ ಹಾಗೆ ನಿಲ್ಲುತ್ತದೆ. ಮಡಚಿದರೆ ಎರಡೂ ಒಂದರ ಪಕ್ಕ ಒಂದು ಒರಗಿಕೊಳ್ಳುತ್ತವೆ. ಇಡೀ ಫ್ರೇಮಿಗೆ ಎರಡೇ ಕೀಲು.

ಮೂಲೆಯನ್ನು ಇನ್ನೂ ಬಿಗಿಯಾಗಿ ಬಗ್ಗಿಸಿದರೆ ನೋಡಲು ಚೆನ್ನ ಅಂತ ನನಗೆ ಆಸೆಯಿತ್ತು. ಪೀಣ್ಯದ ಬೆಂಡಿಂಗ್ ಶಾಪಿನ ಮೇಸ್ತ್ರಿ ಡ್ರಾಯಿಂಗ್ ನೋಡಿ, “ಆಗಲ್ಲ ಮೇಡಂ, ಪೈಪ್ ಒಳಗಡೆ ಸುಕ್ಕು ಬರುತ್ತೆ, ಹೊರಗಡೆ ಚಪ್ಪಟೆ ಆಗುತ್ತೆ. ಪೈಪಿನ ಮೂರರಷ್ಟಾದ್ರೂ ರೇಡಿಯಸ್ ಕೊಡಿ” ಅಂದರು. 75 ಮಿ.ಮೀ. ಕೊಟ್ಟೆವು. ಆ ದುಂಡು ಮೂಲೆಗೆ ಮಗುವಿನ ಕಾಲು ತಗುಲಿದರೂ ನೋವಾಗುವುದಿಲ್ಲ. ಈಗ ನನಗೆ ಅದೇ ಚೆನ್ನ ಕಾಣುತ್ತದೆ.

ಈ ‘ಎ’ ಆಕಾರದಲ್ಲಿ ಇನ್ನೊಂದು ಅನುಕೂಲವಿದೆ. ಭಾರ ಮೇಲಿನಿಂದ ತೂಗುವುದರಿಂದ ಕಾಲುಗಳು ಹೊರಕ್ಕೆ ಸರಿಯಲು ನೋಡುತ್ತವೆ, ಒಳಕ್ಕಲ್ಲ. ಹೊರಕ್ಕೆ ಸರಿಯದಂತೆ ಎರಡೂ ಪಕ್ಕ ನೈಲಾನ್ ಪಟ್ಟಿ ಕಟ್ಟಿದರೆ ಸಾಕು. ಮಗು ಕುಣಿದಷ್ಟೂ ಪಟ್ಟಿ ಬಿಗಿಯಾಗುತ್ತದೆ. ಅಂದರೆ ಮಗು ಒಳಗಿರುವಾಗ ಸೀಟು ತಾನಾಗಿ ಮಡಚಿಕೊಳ್ಳುವ ದಿಕ್ಕಿಗೆ ಹೋಗುವುದೇ ಇಲ್ಲ. ಪಟ್ಟಿಯ ಬದಲು ಮಡಚುವ ಕಬ್ಬಿಣದ ಪಟ್ಟಿ ಹಾಕಬಹುದಿತ್ತು, ಏಣಿಗಳಲ್ಲಿ ಇರುತ್ತದಲ್ಲ ಅಂಥದ್ದು. ಆದರೆ ಅದರ ನಡುವಿನ ಕೀಲು ಸರಿಯಾಗಿ ಮಗುವಿನ ಕೈಗೆಟುಕುವ ಎತ್ತರದಲ್ಲಿ ಬರುತ್ತದೆ. ಬೆರಳು ಸಿಕ್ಕಿಕೊಳ್ಳುವ ಜಾಗಗಳ ವಿಚಾರದಲ್ಲಿ ಆಟಿಕೆಗಳ ಮಾನದಂಡ ಒಂದು ಒಳ್ಳೆಯ ನಿಯಮ ಕೊಡುತ್ತದೆ: ಅಲುಗುವ ಭಾಗಗಳ ನಡುವಿನ ಸಂದಿಯಲ್ಲಿ 5 ಮಿ.ಮೀ. ಕಡ್ಡಿ ತೂರಿದರೆ 12 ಮಿ.ಮೀ. ಕಡ್ಡಿಯೂ ತೂರಬೇಕು. ಒಂದೋ ಬೆರಳು ಹೋಗಲೇಬಾರದು, ಹೋದರೆ ಸಲೀಸಾಗಿ ಹೊರಬರಬೇಕು. ಆ ಎರಡು ಅಳತೆಯ ಕಡ್ಡಿಗಳು ಈಗಲೂ ನನ್ನ ಜೇಬಿನಲ್ಲಿವೆ. ಮಕ್ಕಳ ಸಾಮಾನಿನ ಅಂಗಡಿಗೆ ಹೋದಾಗಲೂ ತೆಗೆದು ನೋಡುತ್ತೇನೆ.

ಹಾಗಂತ ಬರೀ ಪಟ್ಟಿ ನಂಬಿ ಬಿಡುವ ಹಾಗಿಲ್ಲ. ಅಣ್ಣನೋ ಅಕ್ಕನೋ ಬಂದು ಫ್ರೇಮನ್ನು ಒಳಕ್ಕೆ ತಳ್ಳಿದರೆ? ಅದಕ್ಕೆ ಎರಡೂ ಕೀಲಿನಲ್ಲಿ ಲಾಕ್ ಪಿನ್ ಇದೆ. ಎಡಗೈ ಬಲಗೈ ಎರಡರಿಂದಲೂ ಒಟ್ಟಿಗೆ ಎಳೆದರೆ ಮಾತ್ರ ಬಿಡುತ್ತದೆ. ಎರಡರ ನಡುವಿನ ದೂರ ಮೂರು ವರ್ಷದ ಮಗುವಿನ ತೋಳಳತೆಗೆ ಕಷ್ಟ.

ಈ ಪಿನ್ನಿನಲ್ಲಿ ಒಂದು ಸೂಕ್ಷ್ಮವಿದೆ. ಪಿನ್ ಕೂರುವ ತೂತು ಕೀಲಿನ ನಡುವಿನಿಂದ 20 ಮಿ.ಮೀ. ದೂರದಲ್ಲಿದೆ, ಕಾಲಿನ ಉದ್ದ 700 ಮಿ.ಮೀ. ತೂತಿನಲ್ಲಿ ಅರ್ಧ ಮಿ.ಮೀ. ಸಡಿಲ ಇದ್ದರೂ ಸಾಕು, ಕಾಲಿನ ತುದಿಯಲ್ಲಿ ಅದು 17 ಮಿ.ಮೀ. ದಾಟುತ್ತದೆ. ಖಾಲಿ ಸೀಟನ್ನು ಕೈಯಿಂದ ಅಲ್ಲಾಡಿಸಿದರೆ ‘ಟಕ್ ಟಕ್’ ಸದ್ದು, ಕಾಲುಗಳ ಓಲಾಟ. ತಾಯಿಗೆ ಆ ಸದ್ದು ಕೇಳಿದರೆ ನಂಬಿಕೆ ಹೋಯಿತು ಅಂತಲೇ. ತುದಿಗೆ ಬರುತ್ತಾ ಸಣ್ಣಗಾಗುವ ಪಿನ್ ಮಾಡಿಸಿ ಹಿಂದೆ ಸ್ಪ್ರಿಂಗ್ ಕೊಟ್ಟೆ. ಎಷ್ಟು ಸವೆದರೂ ಅದು ಅಷ್ಟೇ ಒಳಕ್ಕೆ ಸರಿದು ಬಿಗಿಯಾಗಿ ಕೂರುತ್ತದೆ. ಸದ್ದು ಪೂರ್ತಿ ನಿಂತಿತು.

ಕುಣಿಸುವ ಸ್ಪ್ರಿಂಗುಗಳ ಆಯಸ್ಸು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಸೆಕೆಂಡಿಗೆ ಎರಡು ಸಲ, ದಿನಕ್ಕೆ 15 ನಿಮಿಷ ಅಂದರೆ 1,800 ಕುಣಿತ. ಆರು ತಿಂಗಳಿಗೆ ಮೂರು ಲಕ್ಷ ದಾಟುತ್ತದೆ. ಸೀಟು ಅಕ್ಕನ ಮಗುವಿನಿಂದ ತಂಗಿಯ ಮಗುವಿಗೆ ಹೋಗುವುದು ನಮ್ಮಲ್ಲಿ ಸಹಜ. ಅದಕ್ಕೆ ಹತ್ತು ಲಕ್ಷದ ಗುರಿ ಇಟ್ಟುಕೊಂಡೆ. ವೈಪರ್ ಮೋಟಾರಿಗೆ ಒಂದು ಕ್ರ್ಯಾಂಕ್ ಜೋಡಿಸಿ, ಮರಳಿನ ಚೀಲ ಕಟ್ಟಿ, ಹಗಲೂ ರಾತ್ರಿ ಓಡಿಸಿದೆವು. ತುಂಡಾದ ಸ್ಪ್ರಿಂಗುಗಳೆಲ್ಲ ತುಂಡಾದದ್ದು ಒಂದೇ ಜಾಗದಲ್ಲಿ: ಸುರುಳಿ ಮುಗಿದು ಕೊಕ್ಕೆ ಶುರುವಾಗುವ ಬಾಗಿನಲ್ಲಿ. ಸುರುಳಿಗೆ ಏನೂ ಆಗಿರಲಿಲ್ಲ. ಆಮೇಲೆ ಕೊಕ್ಕೆಯನ್ನೇ ತೆಗೆದು, ಸುರುಳಿಯ ಒಳಕ್ಕೆ ತಿರುಪಿನ ಹಾಗೆ ಕೂರುವ ಬಿರಡೆ ಹಾಕಿಸಿದೆ. ಗುರಿ ಮುಟ್ಟಿತು.

ಆದರೂ ಸ್ಪ್ರಿಂಗು ಯಾವತ್ತಾದರೂ ತುಂಡಾಗಬಹುದು ಅಂದುಕೊಂಡೇ ಡಿಸೈನ್ ಮಾಡಬೇಕು. ಪ್ರತಿ ಸುರುಳಿಯೊಳಗೆ ಒಂದು ಪಟ್ಟಿ ಹಾದುಹೋಗಿದೆ. ಮಾಮೂಲಿ ಕುಣಿತದಲ್ಲಿ ಅದು ಸಡಿಲವಾಗಿರುತ್ತದೆ. ಸ್ಪ್ರಿಂಗು ಬಿಟ್ಟರೆ ಭಾರವನ್ನೆಲ್ಲ ಅದು ಹಿಡಿಯುತ್ತದೆ, ಮಗು ನಾಲ್ಕು ಬೆರಳು ಕೆಳಗಿಳಿಯುತ್ತದೆ ಅಷ್ಟೇ. ನೀವು ಜೋಲಿ ಸ್ಪ್ರಿಂಗು ಕೊಳ್ಳುವಾಗಲೂ ಇಂಥ ಹಗ್ಗವೋ ಸರಪಳಿಯೋ ಒಳಗಿದೆಯಾ ಅಂತ ದಯವಿಟ್ಟು ನೋಡಿ. ಇಲ್ಲದಿದ್ದರೆ ಕೊಳ್ಳಬೇಡಿ. ಸುರುಳಿಯ ಹೊರಗಡೆ ಬಟ್ಟೆಯ ತೋಳು ಹೊದಿಸಿದ್ದೇನೆ. ಸುರುಳಿ ಬಿಚ್ಚಿ ಮುಚ್ಚುವಾಗ ಬೆರಳ ಚರ್ಮ, ತಲೆಗೂದಲು ಸಿಕ್ಕಿಕೊಳ್ಳುತ್ತದೆ.

ಸೀಟಿನ ಬಟ್ಟೆಯ ಕೆಲಸವನ್ನು ಗಾರ್ಮೆಂಟ್ಸಿನಲ್ಲಿ ವರ್ಷಗಟ್ಟಲೆ ದುಡಿದ ಒಬ್ಬ ಅಕ್ಕನಿಗೆ ಒಪ್ಪಿಸಿದೆ. ನಾನು ಪಟ್ಟಿ ಸೇರುವ ಕಡೆ ಚೌಕದೊಳಗೆ ಅಡ್ಡಗೀಟು ಹೊಲಿಗೆ ಬರೆದಿದ್ದೆ. “ಅದೂ ಇರಲಿ ಮೇಡಂ, ಎರಡೂ ತುದಿಗೆ ಬಾರ್ ಟ್ಯಾಕ್ ಹಾಕ್ತೀನಿ. ಪ್ಯಾಂಟಿನ ಬೆಲ್ಟ್ ಲೂಪಿಗೆ ಹಾಕಲ್ವಾ, ಹಾಗೆ. ದಾರ ಬಿಟ್ಟರೂ ಅಲ್ಲೇ ನಿಲ್ಲುತ್ತೆ” ಅಂದರು. ಕಾಲು ತೂರುವ ತೂತಿನ ಅಂಚಿನ ಹೊಲಿಗೆಯನ್ನು ಹೊರಕ್ಕೆ ತಿರುಗಿಸಿ ಹತ್ತಿ ಪೈಪಿಂಗ್ ಕೊಟ್ಟದ್ದೂ ಅವರದೇ ಬುದ್ಧಿ. ಮಗುವಿನ ತೊಡೆಯ ಮಡಿಕೆಯಲ್ಲಿ ಗಂಟು ಉಜ್ಜಿದರೆ ಒಂದೇ ದಿನಕ್ಕೆ ಕೆಂಪಾಗುತ್ತದೆ. ತೊಡೆಗಳ ನಡುವಿನ ಬಟ್ಟೆ ಅಗಲವಾಗಿರಬೇಕು ಅನ್ನುವುದು ನನ್ನ ಹಟ. ಕಿರಿದಾದರೆ ಕಾಲುಗಳು ನೇರ ಜೋತುಬಿದ್ದು ಸೊಂಟದ ಕೀಲಿನ ಮೇಲೆ ಭಾರ ಬೀಳುತ್ತದೆ. ಅಗಲವಾದರೆ ತೊಡೆಗೂ ಆಸರೆ. ನಾಲ್ಕು ಬಕಲ್ ಬಿಚ್ಚಿದರೆ ಬಟ್ಟೆ ಪೂರ್ತಿ ಹೊರಬರುತ್ತದೆ. ಉಚ್ಚೆ, ರಾಗಿ ಸರಿ, ಜೊಲ್ಲು ಎಲ್ಲ ಆಗುವ ಜಾಗ, ದಿನಾ ಒಗೆಯಲೇಬೇಕು.

ಎತ್ತರ ಹೊಂದಿಸುವುದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. 6 ಕೆ.ಜಿ. ಮಗುವಿಗೂ 11 ಕೆ.ಜಿ. ಮಗುವಿಗೂ ಸ್ಪ್ರಿಂಗು ಇಳಿಯುವುದರಲ್ಲೇ ನಾಲ್ಕು ಸೆಂ.ಮೀ. ವ್ಯತ್ಯಾಸ, ಕಾಲು ಬೆಳೆದದ್ದು ಬೇರೆ. ಸುಮ್ನೆ ಕೂತಾಗ ಪಾದದ ಮುಂಭಾಗ ನೆಲ ಮುಟ್ಟಬೇಕು, ಕೆಳಗಿಳಿದಾಗ ಪೂರ್ತಿ ಪಾದ ಊರಬೇಕು. ಪಟ್ಟಿಯ ಮೇಲೆ ಬಣ್ಣದ ದಾರದಲ್ಲಿ ಗುರುತು ಹೊಲಿಸಿದ್ದೇನೆ. ನಾಲ್ಕೂ ಪಟ್ಟಿ ಒಂದೇ ಗುರುತಿಗೆ ಬಂದಿದೆಯಾ ಅಂತ ಒಂದು ನೋಟಕ್ಕೆ ಗೊತ್ತಾಗುತ್ತದೆ.

ಆಟಿಕೆಗೆ ಚನ್ನಪಟ್ಟಣ ಬಿಟ್ಟು ಬೇರೆ ಕಡೆ ಹೋಗುವ ಮನಸ್ಸಾಗಲಿಲ್ಲ. ಹಾಲೆ ಮರ ಹಗುರ, ಚಕ್ಕೆ ಏಳುವುದಿಲ್ಲ. ಲೇತಿನಲ್ಲಿ ಸುತ್ತುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಆ ಕಾವಿಗೇ ಬಣ್ಣ ಕರಗಿ ಹತ್ತುತ್ತದೆ, ತಾಳೆಗರಿ ಒತ್ತಿ ಹೊಳಪು ತರುತ್ತಾರೆ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಅರಿಶಿನದಂಥ ಗಿಡಮೂಲದ ಬಣ್ಣ ಬೆರೆಸಿದ ಅರಗೇ ಬೇಕು ಅಂತ ಕೇಳಿ ಮಾಡಿಸಿದೆ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ಚನ್ನಪಟ್ಟಣದವುಗಳ ಹಾಗೆ ಭೌಗೋಳಿಕ ಸೂಚಕ (ಇಂಥ ಊರಿನ ವಿಶಿಷ್ಟ ವಸ್ತು ಅನ್ನುವ ಜಿಐ ಗುರುತು) ಪಡೆದ ಆಟಿಕೆಗಳಿಗೆ, ನೋಂದಾಯಿತ ಕುಶಲಕರ್ಮಿಗಳು ಮಾಡಿದ್ದಾದರೆ, ವಿನಾಯಿತಿ ಇದೆ. ವಿನಾಯಿತಿ ಇರಲಿ, ಮಗುವಿನ ಗಂಟಲಿಗೆ ವಿನಾಯಿತಿ ಇಲ್ಲವಲ್ಲ. 31.7 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ ಪೂರ್ತಿ ಕೂರುವ ಯಾವ ತುಂಡೂ ಬೇಡ ಅನ್ನುವ ಪರೀಕ್ಷೆಯನ್ನು ಪ್ರತಿ ಮಣಿಗೂ ಮಾಡಿದೆ. ಮಣಿಗಳನ್ನು ದಾರಕ್ಕೆ ಕಟ್ಟದೆ, ಎರಡೂ ತುದಿ ರಿವೆಟ್ ಮಾಡಿದ ಸರಳಿಗೆ ಪೋಣಿಸಿದ್ದೇವೆ.

ತೋರಿಸಿದಾಗ ಪಕ್ಕದ ಮನೆ ಆಂಟಿ ಕೇಳಿದ ಮೊದಲ ಪ್ರಶ್ನೆ: “ಇದಕ್ಕೆ ಚಕ್ರ ಯಾಕಿಲ್ಲಮ್ಮ? ಚಕ್ರ ಇದ್ದರೆ ಬೇಗ ನಡೆಯೋದು ಕಲಿಯುತ್ತೆ.” ಈ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಕರ್ ನಡಿಗೆ ಕಲಿಸುವುದಿಲ್ಲ. ಮೆಟ್ಟಿಲಿನ ಕಡೆ, ಒಲೆಯ ಕಡೆ ಕ್ಷಣದಲ್ಲಿ ಮಗುವನ್ನು ಒಯ್ಯುತ್ತದೆ. ಕೆನಡಾ 2004ರಲ್ಲಿ ವಾಕರ್ ಮಾರಾಟವನ್ನೇ ನಿಷೇಧಿಸಿತು. ನನ್ನ ಸೀಟೂ ನಡಿಗೆ ಕಲಿಸುವುದಿಲ್ಲ, ಹಾಗಂತ ಎಲ್ಲೂ ಬರೆಯುವುದಿಲ್ಲ. ಇದು ಆಟ. ಅದರಲ್ಲೇ ನಿದ್ದೆ ಹೋದರೆ ಎತ್ತಿ ಅಂಗಾತ ಮಲಗಿಸಬೇಕು. ತಲೆ ಮುಂದಕ್ಕೆ ವಾಲಿದರೆ ಉಸಿರಾಟಕ್ಕೆ ತೊಂದರೆ. ಈ ಎರಡು ಸಾಲನ್ನು ಬಟ್ಟೆಯ ಮೇಲೇ ಕನ್ನಡದಲ್ಲಿ ಅಚ್ಚು ಹಾಕಿಸಿದ್ದೇನೆ. ಕಾಗದದಲ್ಲಿ ಕೊಟ್ಟರೆ ಡಬ್ಬದ ಜೊತೆ ಅದೂ ಹೋಗುತ್ತದೆ.

ಈಗಿನ ಸೀಟು ಮಡಚಿದಾಗ ಒಂದು ಗೇಣಿಗಿಂತ ಕಡಿಮೆ ದಪ್ಪ. ಒಂದೇ ಕೈಯಲ್ಲಿ ಎತ್ತಬಹುದು. ಉಳಿದಿರುವ ತಲೆನೋವು ಕೀಲಿನ ಬೆಲೆ. ಸದ್ಯ ಅದನ್ನು ಅಲ್ಯೂಮಿನಿಯಂ ಗಟ್ಟಿಯಿಂದ ಕೊರೆಸುತ್ತಿದ್ದೇನೆ, ದುಬಾರಿ. ಗಾಜಿನ ಎಳೆ ಬೆರೆಸಿದ ನೈಲಾನಿನಲ್ಲಿ ಅಚ್ಚು ಹಾಕಿದರೆ ಅಗ್ಗವಾಗುತ್ತದೆ, ಆದರೆ ಪಿನ್ ಕೂರುವ ತೂತು ಬೇಗ ಅಗಲವಾದೀತು. ತೂತಿನೊಳಗೆ ಹಿತ್ತಾಳೆಯ ಬುಷ್ (ಸವೆತ ತಡೆಯುವ ಪುಟ್ಟ ಕೊಳವೆ) ಕೂರಿಸಿದ ಒಂದು ಜೊತೆ ಕೀಲು ಈ ವಾರ ಮರಳಿನ ಚೀಲದ ಯಂತ್ರಕ್ಕೆ ಏರಿದೆ.